ಪೀಪಾಯಿ ಪಂಡಿತ

ಲಿಫ್ಟಿನೊಳಗೆ ಹೊಸ ಮ್ಯಾನೇಜರು ಹೂಂಗುಟ್ಟಪ್ಪನನ್ನು ಏನೋ ಕೇಳಿದರು. ಲಿಫ್ಟು ಹಳೆಯದು, ಗರಗರ ಸದ್ದು ಮಾಡುತ್ತಿತ್ತು. ಏನು ಕೇಳಿದರೆಂದು ತಿಳಿಯಲಿಲ್ಲ. "ತಿಳೀಲಿಲ್ಲ ಸಾರ್" ಎನ್ನುವ ಧೈರ್ಯವೂ ಬರಲಿಲ್ಲ. "ಹೂಂ ಸಾರ್" ಎಂದುಬಿಟ್ಟ.

ಆಫೀಸಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹೂಂಗುಟ್ಟಪ್ಪ ಎಂದು. ಕೆಮ್ಮಿನ ಔಷಧಿ ತಯಾರಿಸುವ ಕಂಪನಿ ಅದು. ಶೀಶೆಗಳಿಗೆ ಅಂಟಿಸುವ ಲೇಬಲ್ಲುಗಳ ಅಕ್ಷರ ತಿದ್ದುವುದು ಅವನ ಕೆಲಸ. ಕುರ್ಚಿ ಕಾರಿಡಾರಿನ ತಿರುವಿನಲ್ಲಿತ್ತು. ಹೋಗುವವರ ಮೊಣಕೈ, ಬರುವವರ ಚೀಲ, ಎರಡೂ ಅವನ ತಲೆಗೇ. ತಾಗಿಸಿದವರು "ಏನೂ ಆಗ್ಲಿಲ್ಲ ತಾನೇ?" ಎಂದರೆ ಅದಕ್ಕೂ ಹೂಂ.

ಮ್ಯಾನೇಜರ ಮುಖ ಸಾಮಾನ್ಯವಾಗಿ ಷಟರ್ ಎಳೆದ ಅಂಗಡಿ. ಆ ಹೂಂ ಕಿವಿಗೆ ಬಿದ್ದದ್ದೇ ಷಟರ್ ಮೇಲಕ್ಕೆ ಹೋಯಿತು.

"ಭೇಷ್! ಹಾಗಾದ್ರೆ ನಾಳೆ ಶನಿವಾರ ಮಧ್ಯಾಹ್ನ ನೀವೇ ಕರ್ಕೊಂಡು ಹೋಗಿ. ನಾನು ಈ ಊರಿಗೆ ಹೊಸಬ. ಕ್ಯಾಸ್ಕ್ ಎಲ್ಲಿ ಚೆನ್ನಾಗಿದೆ, ಕೆಗ್ ಎಲ್ಲಿ ಚೆನ್ನಾಗಿದೆ, ಎಲ್ಲಾ ತೋರಿಸ್ಬೇಕು."

"ಹೂಂ ಸಾರ್."

ಕ್ಯಾಸ್ಕ್, ಕೆಗ್ ಎಂದರೆ ಜೊತೆಯಾಗಿ ವ್ಯಾಪಾರ ಮಾಡುವ ಯಾರೋ ಅಣ್ಣತಮ್ಮಂದಿರಿರಬೇಕು ಎಂದುಕೊಂಡು ಅವನು ಟೈಪಿಸ್ಟ್ ಅಕ್ಕನ ಬಳಿ ಹೋಗಿ ವಿಳಾಸ ಕೇಳಿದ. ಆಫೀಸಿನ ಯಾವ ಸುದ್ದಿಯೂ ಈ ಅಕ್ಕನನ್ನು ಮುಟ್ಟದೆ ಮುಂದೆ ಹೋದದ್ದಿಲ್ಲ. ಆಕೆ ಹಣೆ ಚಚ್ಚಿಕೊಂಡಳು.

"ಬಿಯರ್ ಕಣಪ್ಪಾ ಅದು! ನಿನಗೆ ಬಿಯರ್ ಬಗ್ಗೆ ಗೊತ್ತಾ ಅಂತ ಕೇಳಿದಾರೆ, ನೀನು ಹೂಂ ಅಂದಿದೀಯ."

"ಅಕ್ಕಾ, ನನಗೆ ಸೋಡಾ ಕುಡಿದ್ರೇ ತಲೆ ತಿರುಗುತ್ತೆ. ಈಗಲೇ ಹೋಗಿ ಗೊತ್ತಿಲ್ಲ ಅಂದ್ಬಿಡ್ತೀನಿ."

"ಹುಷಾರು! ಹಿಂದಿನ ಆಫೀಸಲ್ಲಿ ಯಾರೋ ಒಂದು ಸುಳ್ಳು ಹೇಳ್ದ ಅಂತ ನಿಂತ ನಿಲುವಲ್ಲೇ ಮನೆಗೆ ಕಳಿಸಿದ್ರಂತೆ. ಅವನ ಕುರ್ಚಿ ಇನ್ನೂ ಬೆಚ್ಚಗಿತ್ತಂತೆ."

ಅವನು ಪ್ಯಾಕಿಂಗ್ ವಿಭಾಗಕ್ಕೆ ಓಡಿದ. ಅಲ್ಲಿನ ದಪ್ಪಣ್ಣ, ಹೆಸರಿಗೆ ತಕ್ಕ ಹೊಟ್ಟೆಯವನು, ಈ ವಿಷಯದಲ್ಲಿ ಅನುಭವಸ್ಥ. ಅವನು ಹೂಂಗುಟ್ಟಪ್ಪನನ್ನು ರಟ್ಟಿನ ಡಬ್ಬಗಳ ಹಿಂದೆ ಕೂರಿಸಿಕೊಂಡು ಪಾಠ ಶುರುಮಾಡಿದ.

"ನೋಡು, ಕ್ಯಾಸ್ಕ್ ಅಂದ್ರೆ ಪೀಪಾಯಿ. ಅದರೊಳಗೆ ಬಿಯರು ಇನ್ನೂ ಹುದುಗು ಬರ್ತಾ ಇರುತ್ತೆ. ಜೀವಂತ. ಕೈಪಂಪಲ್ಲಿ ಎಳೆದು ಕೊಡ್ತಾರೆ."

"ಜೀವಂತ ಅಂದ್ರೆ... ಓಡಾಡುತ್ತಾ?"

"ಕಾಣಲ್ಲ ಮಾರಾಯ. ಇನ್ನು ಕೆಗ್ ಅಂದ್ರೆ ಸ್ಟೀಲ್ ಡ್ರಮ್ಮು. ಗ್ಯಾಸ್ ಕೊಟ್ಟು ತಳ್ತಾರೆ, ತಣ್ಣಗೆ ಕೊರೀತಾ ಇರುತ್ತೆ. ಕ್ಯಾಸ್ಕ್ ಕುಡಿದ್ರೆ 'ಇದರಲ್ಲಿ ಜೀವ ಇದೆ' ಅನ್ನು. ಕೆಗ್ ಕುಡಿದ್ರೆ 'ಗ್ಯಾಸು ಸ್ವಲ್ಪ ಹೆಚ್ಚು' ಅನ್ನು. ಇಷ್ಟೇ. ಬಾಯಿ ಹೆಚ್ಚು ಬಿಟ್ಟೆಯೋ, ಕೆಟ್ಟೆ."

ಯಾವ ಪಬ್ಬು ಎಲ್ಲಿದೆ, ಯಾವುದರ ನಂತರ ಯಾವುದಕ್ಕೆ ಹೋಗಬೇಕು ಎನ್ನುವುದನ್ನೂ ದಪ್ಪಣ್ಣ ಬಾಯಿಪಾಠ ಮಾಡಿಸಿದ. ರಾತ್ರಿಯೆಲ್ಲ ಹೂಂಗುಟ್ಟಪ್ಪ ನಿದ್ದೆಯಲ್ಲಿ "ಜೀವ ಇದೆ, ಗ್ಯಾಸು ಹೆಚ್ಚು" ಎಂದು ಕನವರಿಸಿದ. ಹೆಂಡತಿ ಗಾಬರಿಯಾಗಿ ಅವನ ಹೊಟ್ಟೆ ನೀವಿದಳು.

ಮರುದಿನದ ಮೊದಲ ಪಬ್ಬು ಸೇತುವೆ ಪಕ್ಕದ ಹಳೆಯ ಕಟ್ಟಡ. ಬಾಗಿಲ ತೊಲೆ ಎಷ್ಟು ತಗ್ಗಿನಲ್ಲಿತ್ತೆಂದರೆ ಒಳಗೆ ಹೋಗುವಾಗಲೇ ಅವನ ಹಣೆ ಅದಕ್ಕೆ ಬಡಿಯಿತು. ಕೌಂಟರಿನ ಹಿಂದೆ ನಿಂತಿದ್ದ ಹೆಂಗಸು ಬಾವಿಯಿಂದ ನೀರು ಸೇದುವವಳಂತೆ ಮರದ ಹಿಡಿಯನ್ನು ಜಗ್ಗಿ ಜಗ್ಗಿ ಎರಡು ಗ್ಲಾಸು ತುಂಬಿಸಿ ಇಟ್ಟಳು. ಬಣ್ಣ ಥೇಟ್ ಅವರ ಕಂಪನಿಯ ಕೆಮ್ಮಿನ ಔಷಧಿಯದೇ.

ಅವನು ಗ್ಲಾಸನ್ನು ಬೆಳಕಿಗೆ ಹಿಡಿದ. ಒಳಗೆ ಏನಾದರೂ ಈಜುತ್ತಿದೆಯೇ ಎಂದು ಮೇಲೆ, ಕೆಳಗೆ, ಪಕ್ಕದಿಂದ ನೋಡಿದ.

"ಏನು ಹುಡುಕ್ತಿದೀರಿ?" ಎಂದರು ಮ್ಯಾನೇಜರು.

"ಜೀ... ಜೀವ, ಸಾರ್."

ಮ್ಯಾನೇಜರು ಕುರ್ಚಿಯಲ್ಲಿ ನೆಟ್ಟಗಾದರು. ಅವನು ಕಣ್ಣು ಮುಚ್ಚಿ ಒಂದು ಗುಟುಕು ಬಾಯಿಗೆ ಹಾಕಿಕೊಂಡ. ತುಕ್ಕು ಹಿಡಿದ ಮೊಳೆಗಳನ್ನು ಕಷಾಯದಲ್ಲಿ ಕುದಿಸಿದಂಥ ರುಚಿ. ನುಂಗಲು ಗಂಟಲು ಒಪ್ಪದು; ಉಗುಳಿದರೆ ಕೆಲಸ ಹೋಗುತ್ತದೆ. ಕೆನ್ನೆ ಊದಿಸಿಕೊಂಡು ಹಾಗೇ ಕೂತ. ಕಣ್ಣಿಂದ ನೀರು ಇಳಿಯಿತು.

"ನಾನೂ ಇಷ್ಟು ವರ್ಷದಿಂದ ಕುಡೀತಿದೀನಿ. ಗಟಗಟ ಅಂತ, ಎಮ್ಮೆ ಹಾಗೆ! ಒಂದು ಗುಟುಕನ್ನ ಹೀಗೆ ಇಟ್ಕೊಂಡು ಅನುಭವಿಸೋದು, ಕಣ್ಣೀರು ಹಾಕೋದು... ಇವತ್ತೇ ನೋಡಿದ್ದು," ಎಂದು ಮ್ಯಾನೇಜರು ಮೆತ್ತಗೆ ನುಡಿದು ತಮ್ಮ ಗ್ಲಾಸನ್ನೂ ಭಕ್ತಿಯಿಂದ ಎತ್ತಿದರು.

ಅವನ ಗ್ಲಾಸು ಖಾಲಿಯಾಗದೆ ಅವರು ಏಳುವ ಹಾಗೆ ಕಾಣಲಿಲ್ಲ. ಕುತ್ತಿಗೆಗೆ ಕತ್ತಿ ಹಿಡಿದವರ ಮುಂದೆ ಕುಡಿಯುವಂತೆ ಅವನು ಕುಡಿದು ಮುಗಿಸಿದ.

ಎರಡನೆಯ ಪಬ್ಬು ರೈಲ್ವೆ ಸ್ಟೇಷನ್ನಿನ ಎದುರು. ಗಾಜಿನ ಗೋಡೆ, ಹೊಳೆಯುವ ನಲ್ಲಿಗಳ ಸಾಲು, ಆಪರೇಷನ್ ಕೋಣೆಯಂಥ ಬೆಳಕು. ಬೀದಿಯಲ್ಲಿ ಹೋಗುವ ನೊಣಕ್ಕೂ ಒಳಗೆ ಕೂತವರ ಮುಖ ಕಾಣುತ್ತಿತ್ತು. ಪರಿಚಯದವರು ಯಾರಾದರೂ ಕಂಡರೆ? ಮೆನು ಕಾರ್ಡನ್ನು ಬುರ್ಖಾದಂತೆ ಮುಖಕ್ಕೆ ಅಡ್ಡ ಹಿಡಿದು ಕೂತ. ಕೆಗ್ ಬಿಯರು ಬಂತು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಬೇಗ ಮುಗಿಸಿ ಓಡೋಣವೆಂದು ಅರ್ಧ ಗ್ಲಾಸನ್ನು ಒಂದೇ ಏಟಿಗೆ ಇಳಿಸಿದ.

"ಹೇಗಿದೆ?" ಎಂದರು ಮ್ಯಾನೇಜರು.

ತಲೆಯಲ್ಲಿದ್ದ ಎರಡು ವಾಕ್ಯಗಳಲ್ಲಿ ಯಾವುದು ಯಾವುದಕ್ಕೆ ಎನ್ನುವುದು ಆ ಕ್ಷಣದಲ್ಲಿ ಕಲಸಿಹೋಯಿತು.

"ಇದರಲ್ಲಿ ಜೀವ ಇದೆ ಸಾರ್."

ಮ್ಯಾನೇಜರು ಗ್ಲಾಸು ಕೆಳಗಿಟ್ಟರು. ಷಟರ್ ಅರ್ಧ ಇಳಿಯಿತು. "ಕೆಗ್‌ನಲ್ಲಿ? ಜೀವ?"

ಮುಗಿಯಿತು, ಎಂದುಕೊಂಡ ಅವನು. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಮಾತಿನ ಬದಲು ಹೊಟ್ಟೆಯೊಳಗಿನ ಗ್ಯಾಸೆಲ್ಲ ಒಟ್ಟಾಗಿ ಹೊರಟುಬಂತು. ಲಾರಿಯ ಟೈರು ಒಡೆದ ಹಾಗೆ ಒಂದು ತೇಗು. ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು ನಿಂತಿತು.

ಮ್ಯಾನೇಜರು ಮೇಜು ಗುದ್ದಿ ಗುದ್ದಿ ನಗತೊಡಗಿದರು. "ಜೀವ ಇದೆ ಅಂದು, ಆಮೇಲೆ ಇದು! ಎಂಥ ವ್ಯಂಗ್ಯ ರೀ ನಿಮ್ದು! ಈ ಕೆಗ್ಗನ್ನ ಇದಕ್ಕಿಂತ ಚೆನ್ನಾಗಿ ಯಾರೂ ಬೈಯೋಕಾಗಲ್ಲ!"

ಆದರೆ ಆ ತೇಗಿಗೆ ಇಡೀ ಪಬ್ಬೇ ತಿರುಗಿ ನೋಡಿತ್ತು. ಹಾಗೆ ತಿರುಗಿದವರಲ್ಲಿ ಒಬ್ಬರು ಅವನ ಮನೆಯ ಮೇಲಿನ ಮಹಡಿಯ ಮೇಷ್ಟ್ರು. ಕುಡಿತದ ಕೆಡುಕಿನ ಮೇಲೆ ಬೀದಿಯ ಮಕ್ಕಳಿಗೆಲ್ಲ ಉಪದೇಶ ಮಾಡುವವರು. ಅವರಿಗೆ ತಿಳಿದದ್ದು ಸಂಜೆಯೊಳಗೆ ಎಲ್ಲ ಮನೆಗೂ ತಿಳಿಯುತ್ತಿತ್ತು. ಅವನ ಜೀವ ಬಾಯಿಗೆ ಬಂತು. ಚಮಚ ಬೀಳಿಸಿಕೊಂಡವನಂತೆ ನಟಿಸಿ ಸರಕ್ಕನೆ ಮೇಜಿನಡಿ ನುಸುಳಿದ.

ಅಲ್ಲಿಂದ ನೋಡುತ್ತಾನೆ, ಪಕ್ಕದ ಮೇಜಿನಡಿಯಲ್ಲಿ ಮೇಷ್ಟ್ರು ಮಂಡಿಯೂರಿ ಕೂತಿದ್ದಾರೆ. ಮೀಸೆಯ ತುಂಬ ನೊರೆ.

ಇಬ್ಬರೂ ಪರಸ್ಪರ ನೋಡಿಕೊಂಡರು.

"ನಾನು... ಅಂಗಿ ಗುಂಡಿ ಬಿತ್ತು, ಹುಡುಕ್ತಿದೀನಿ," ಎಂದರು ಮೇಷ್ಟ್ರು.

"ಹೂಂ. ನಂದೂ ಬಿತ್ತು."

"ನಾನು ನಿಮ್ಮನ್ನ ನೋಡಿಲ್ಲ."

"ನಾನೂ ನಿಮ್ಮನ್ನ ನೋಡಿಲ್ಲ ಮೇಷ್ಟ್ರೇ."

ಮೇಷ್ಟ್ರು ಅಂಬೆಗಾಲಿಟ್ಟುಕೊಂಡೇ ಬಾಗಿಲವರೆಗೆ ಹೋಗಿ, ಎದ್ದು, ಹಿಂದೆ ನೋಡದೆ ಓಡಿದರು. ಅವನು ಮೇಲೆ ಬಂದಾಗ ಮ್ಯಾನೇಜರು ಅವನ ಅರ್ಧ ಗ್ಲಾಸನ್ನು ಮತ್ತೆ ತುಂಬಿಸಿಟ್ಟಿದ್ದರು.

ಮೂರನೆಯ ಪಬ್ಬಿಗೆ ಹೊರಡುವಾಗ ಬೀದಿ ದೋಣಿಯಂತೆ ತೂಗುತ್ತಿತ್ತು. ಸಾಕು ಸಾರ್, ಎನ್ನಲು ಅವನು ಎಷ್ಟೋ ಸಲ ಬಾಯಿ ತೆರೆದ. ಪ್ರತಿ ಸಲವೂ ಬೆಚ್ಚಗಿದ್ದ ಆ ಖಾಲಿ ಕುರ್ಚಿ ಕಣ್ಣ ಮುಂದೆ ಬಂತು.

ಅಲ್ಲಿ ಆಗಲೇ ಜಗಳ ನಡೆದಿತ್ತು. ಪಬ್ಬಿನ ಯಜಮಾನ ಕೈ ಬೀಸುತ್ತಿದ್ದ. ಅವನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಎಡಗಡೆ ಪೀಪಾಯಿ ಕೆಟ್ಟಿದೆ ಅಂತೀನಿ ನಾನು, ಬಲಗಡೇದು ಅಂತಾಳೆ ಇವಳು!"

"ಬರೀ ಬಲಗಡೇದಲ್ಲ. ಎರಡೂ ಕೆಟ್ಟಿದೆ ಅಂತ ಬೆಳಿಗ್ಗೆಯಿಂದ ಬಡ್ಕೊತಿದೀನಿ!"

ಮ್ಯಾನೇಜರು ಹೂಂಗುಟ್ಟಪ್ಪನ ಹೆಗಲ ಮೇಲೆ ಕೈಯಿಟ್ಟರು. "ಜಗಳ ಯಾಕೆ? ಇವರು ಪೀಪಾಯಿ ಪಂಡಿತರು. ಇವರು ಹೇಳ್ಲಿ."

ಗಂಡಹೆಂಡತಿ ಇಬ್ಬರೂ ಅವನ ಒಂದೊಂದು ರಟ್ಟೆ ಹಿಡಿದು ನೆಲಮಾಳಿಗೆಗೆ ಇಳಿಸಿದರು. ಕಡಿದಾದ ಮೆಟ್ಟಿಲು, ತಂಪು ಕತ್ತಲೆ, ಹುಳಿ ವಾಸನೆ. ಒಂದೇ ಒಂದು ಬಲ್ಬಿನಡಿ ಎರಡು ಪೀಪಾಯಿಗಳು ಹೊಟ್ಟೆ ಹೊತ್ತ ನ್ಯಾಯಾಧೀಶರಂತೆ ಮಲಗಿದ್ದವು. ಯಜಮಾನನ ಕೈಯಲ್ಲಿ ಮರದ ಸುತ್ತಿಗೆ ಇತ್ತು. ಅದು ಪೀಪಾಯಿಯ ಬಿರಡೆಗಾಗಿ ಎಂದು ಹೂಂಗುಟ್ಟಪ್ಪನಿಗೆ ಯಾರೂ ಹೇಳಲಿಲ್ಲ. ತಪ್ಪು ಹೇಳಿದವರ ತಲೆಗೇ ಅದು ಬೀಳುವುದೆಂದು ಅವನು ತೀರ್ಮಾನಿಸಿದ.

ಎಡಗಡೆಯದನ್ನು ಕುಡಿದ. ಮುಖ ಹಿಂಡಿಕೊಂಡಿತು. ಬಲಗಡೆಯದನ್ನು ಕುಡಿದ. ಮುಖ ಇನ್ನೂ ಹಿಂಡಿಕೊಂಡಿತು. ಅವನ ನಾಲಿಗೆಗೆ ಮಧ್ಯಾಹ್ನದಿಂದ ಕುಡಿದದ್ದೆಲ್ಲ ಕೆಟ್ಟದ್ದೇ. ಇವುಗಳಲ್ಲಿ ಯಾವುದು ನಿಜವಾಗಿ ಕೆಟ್ಟದ್ದೆಂದು ಹೇಗೆ ಹೇಳುವುದು? ಗಂಡನ ಪರ ಹೇಳಿದರೆ ಹೆಂಡತಿ ಬಿಡಳು, ಹೆಂಡತಿಯ ಪರ ಹೇಳಿದರೆ ಸುತ್ತಿಗೆ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಒದ್ದೆ ನೆಲದ ಮೇಲೆ ಕುಸಿದು ಕೂತು ಎರಡೂ ಕೈಗಳಿಂದ ತಲೆ ಹಿಡಿದುಕೊಂಡ.

"ನೋಡಿ!" ಎಂದು ಯಜಮಾನನ ಹೆಂಡತಿ ಕೂಗಿದಳು. "ಪಂಡಿತರು ಕೂತೇಬಿಟ್ರು! ಎರಡೂ ಕೆಟ್ಟಿದೆ ಅಂತ ಇದಕ್ಕಿಂತ ಬಿಡಿಸಿ ಹೇಳ್ಬೇಕಾ?"

ಯಜಮಾನ ತಾನೂ ಎರಡನ್ನೂ ಮತ್ತೆ ಬಾಯಿಗೆ ಹಾಕಿ ನೋಡಿದ, ತಲೆ ತಗ್ಗಿಸಿದ. ಎರಡು ಪೀಪಾಯಿಯೂ ಚರಂಡಿಗೆ ಹೋದವು. ಸಂತೋಷಕ್ಕೆ ಯಜಮಾನಿತಿ ಹೊಸ ಪೀಪಾಯಿಯ ಮೊದಲ ಗ್ಲಾಸನ್ನು ಪಂಡಿತರಿಗೇ ಕುಡಿಸಿದಳು.

ಸಂಜೆ ದೀಪ ಹತ್ತುವ ಹೊತ್ತಿಗೆ ಮ್ಯಾನೇಜರು ಅವನನ್ನು ತೋಳು ಹಿಡಿದು ಮನೆಯ ಕಡೆ ನಡೆಸಿಕೊಂಡು ಬಂದರು. ಹೃದಯ ತುಂಬಿಬಂದಿತ್ತು ಅವರಿಗೆ.

"ನಿಮಗೊಂದು ವಿಷಯ ಹೇಳ್ತೀನಿ. ನಮ್ಮ ಔಷಧಿಗೆ ಬಳಸೋ ಸ್ಪಿರಿಟ್ ಗೋಡೌನಿಗೆ ಒಬ್ಬ ಮೇಲ್ವಿಚಾರಕ ಬೇಕು. ಸ್ವಂತ ಕೋಣೆ, ಬಾಗಿಲು, ಫ್ಯಾನು, ಒಳ್ಳೆ ಸಂಬಳ. ಇಲ್ಲಿಗೆ ಬಂದಾಗಿಂದ ಅಂಥವನನ್ನೇ ಹುಡುಕ್ತಿದೀನಿ."

ಅವನ ಮಂಜುಗಣ್ಣಿನಲ್ಲೂ ಒಂದು ಬಾಗಿಲು ಕಾಣಿಸಿತು. ಒಳಗಿನಿಂದ ಮುಚ್ಚಿಕೊಳ್ಳಬಹುದಾದ ಬಾಗಿಲು. ಮೊಣಕೈ ಇಲ್ಲ, ಚೀಲ ಇಲ್ಲ.

"ನ... ನನಗೆ ಕೊಡ್ತೀರಾ ಸಾರ್?"

"ಅಯ್ಯೋ, ಅದಕ್ಕೆ ಜನ್ಮದಲ್ಲಿ ಹನಿ ಮುಟ್ಟದವನೇ ಬೇಕು. ಇಲ್ಲದಿದ್ರೆ ಗೋಡೌನು ಖಾಲಿಯಾಗುತ್ತೆ! ಅಂಥವನು ಈ ಆಫೀಸಲ್ಲಿ ಒಬ್ಬನೂ ಸಿಕ್ಕಲಿಲ್ಲ. ಹೆಡ್ ಆಫೀಸಿಂದ ಯಾರನ್ನಾದ್ರೂ ಕರೆಸ್ಬೇಕು."

ಅವನು ಬೀದಿ ನಡುವೆ ನಿಂತುಬಿಟ್ಟ. ಬದುಕಿನಲ್ಲಿ ಮೊದಲ ಬಾರಿಗೆ ಅವನ ಬಾಯಿಂದ ಹೂಂ ಅಲ್ಲದ ಮಾತು ಜೋರಾಗಿ ಬಂತು.

"ಸಾರ್! ನಾನೇ ಸಾರ್ ಅವನು! ನಾನು ಹುಟ್ಟಿದಾಗಿಂದ ಒಂದು ಹನಿ ಮುಟ್ಟಿಲ್ಲ!" ಎಂದು ಹೇಳಿ ದೀಪದ ಕಂಬವನ್ನು ತಬ್ಬಿಕೊಂಡ.

ಮ್ಯಾನೇಜರು ಹೊಟ್ಟೆ ಹಿಡಿದು ನಕ್ಕರು. ಅವನು ಅತ್ತ. ಲಿಫ್ಟಿನ ಸದ್ದು, ದಪ್ಪಣ್ಣನ ಪಾಠ, ನೆಲಮಾಳಿಗೆಯ ಸುತ್ತಿಗೆ, ಎಲ್ಲವನ್ನೂ ತೊದಲುತ್ತ ಹೇಳಿದ. ಕೇಳುತ್ತ ಕೇಳುತ್ತ ಮ್ಯಾನೇಜರ ನಗು ನಿಂತಿತು.

"ಇದು ನಿಜವಾದ್ರೆ," ಎಂದರು ಅವರು ನಿಧಾನವಾಗಿ, "ನಿಮ್ಮಂಥ ಅಮಾಯಕ ಇನ್ನೊಬ್ಬ ಸಿಕ್ಕಲ್ಲ. ಸೋಮವಾರವೇ ಬೀಗದ ಕೈ ನಿಮ್ಮದು. ಆದ್ರೆ ನಂಬೋದು ಹೇಗೆ?"

"ನನ್ನ ಹೆಂಡತೀನ ಕೇಳಿ ಸಾರ್! ಅವಳು ಎಂದೂ ಸುಳ್ಳು ಹೇಳೋಳಲ್ಲ!"

ಇಬ್ಬರೂ ಮೆಟ್ಟಿಲು ಹತ್ತಿದರು. ಹೆಂಡತಿ ಬಾಗಿಲು ತೆರೆದಳು. ತೂರಾಡುವ ಗಂಡನನ್ನೂ ಅವನ ಪಕ್ಕದಲ್ಲಿ ಷಟರ್ ಎಳೆದ ಆ ಮುಖವನ್ನೂ ನೋಡಿದಳು.

"ಅಮ್ಮಾ, ಒಂದೇ ಪ್ರಶ್ನೆ. ನಿಜ ಹೇಳ್ಬೇಕು," ಎಂದರು ಮ್ಯಾನೇಜರು. "ಇವರು ಕುಡೀತಾರಾ, ಇಲ್ವಾ?"

ಗಂಡ ಹಿಂದಿನಿಂದ ಕಣ್ಣಲ್ಲೇ ಬೇಡಿಕೊಂಡ, ಕೈಮುಗಿದ, ತಲೆ ಅಲ್ಲಾಡಿಸಿದ. ಬಿಯರಿನ ಅಮಲಿನಲ್ಲಿ ಅದು ಅಡ್ಡಡ್ಡ ಆಡಿತೋ ಮೇಲೆಕೆಳಗೆ ಆಡಿತೋ ಅವನಿಗೇ ಗೊತ್ತಿಲ್ಲ. ಹೆಂಡತಿ ಸೆರಗು ಸರಿಮಾಡಿಕೊಂಡು ಎದೆಯೆತ್ತಿ ನಿಂತಳು.

"ಏನು ಸಾರ್ ಹೀಗೆ ಕೇಳ್ತೀರಿ! ದಿನಾ ಕುಡೀತಾರೆ! ಪೀಪಾಯೀದೂ ಕುಡೀತಾರೆ, ಡ್ರಮ್ಮಿಂದೂ ಕುಡೀತಾರೆ. ನಮ್ಮನೇಲಿ ನೀರು ಬೇಕು ಅಂತ ಕೇಳೋರೇ ಇಲ್ಲ!"

ಮ್ಯಾನೇಜರ ಮುಖ ಮತ್ತೆ ಅರಳಿತು. ಅವನ ಬೆನ್ನು ತಟ್ಟಿ, "ಎಂಥ ನಟ ರೀ ನೀವು! ನನ್ನನ್ನೂ ಅರ್ಧ ನಂಬಿಸಿಬಿಟ್ಟಿದ್ರಿ. ಮುಂದಿನ ಶನಿವಾರ ಊರಿನ ಆ ಕಡೆ ಹೋಗೋಣ," ಎಂದು ಶಿಳ್ಳೆ ಹಾಕುತ್ತ ಇಳಿದುಹೋದರು.

ಹೂಂಗುಟ್ಟಪ್ಪ ಹೊಸ್ತಿಲ ಮೇಲೆಯೇ ಕೂತ. ಹೆಂಡತಿ ಬಗ್ಗಿ ಅವನ ಕಿವಿಯಲ್ಲಿ ಹೆಮ್ಮೆಯಿಂದ ಪಿಸುಗುಟ್ಟಿದಳು:

"ಟೈಪಿಸ್ಟ್ ಅಕ್ಕ ಮಧ್ಯಾಹ್ನವೇ ಫೋನ್ ಮಾಡಿ ಎಲ್ಲಾ ಹೇಳಿಕೊಟ್ಟಿದ್ರು. ಜೀವಮಾನದಲ್ಲಿ ಇದೊಂದೇ ಸುಳ್ಳು ಹೇಳಿದ್ದು ನೋಡಿ. ನಿಮ್ಮ ಕೆಲಸ ಉಳೀತು ತಾನೇ?"

ಅವನು ಹೂಂ ಎಂದ.