ವಿಯೆಟ್ನಾಮಿನ ಗುಹೆ, ಚಿಕ್ಕೋಡಿಯ ಸೂರ್ಯಾಸ್ತ

ದೇವರು ಪ್ರತಿಯೊಬ್ಬರಿಗೂ ಒಂದೊಂದು ವಿದ್ಯೆ ಕೊಟ್ಟೇ ಕಳಿಸಿರುತ್ತಾನೆ ಎನ್ನುತ್ತಾರೆ. ನನಗೆ ಕೊಟ್ಟದ್ದು ಜಾಗ ಆರಿಸುವ ವಿದ್ಯೆ. ಜಾಗ ಎಂದರೆ ಹೊಲ, ಪ್ಲಾಟು ಅಲ್ಲ. ಆ ವಿದ್ಯೆ ಇದ್ದಿದ್ದರೆ ಹನಿ ನೀರಾವರಿ ಪೈಪಿನ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ನೌಕರಿ ಮಾಡುತ್ತ ಕೂಡುತ್ತಿರಲಿಲ್ಲ. ನನ್ನದು ಕೂಡುವ ಜಾಗದ ವಿದ್ಯೆ. ಮದುವೆ ಪಂಕ್ತಿಯಲ್ಲಿ ಎಲ್ಲಿ ಕುಳಿತರೆ ಜಿಲೇಬಿ ಬುಟ್ಟಿ ನಮ್ಮ ತನಕ ಬರುವಷ್ಟರಲ್ಲಿ ಖಾಲಿಯಾಗಿರುವುದಿಲ್ಲ, ನಿಪ್ಪಾಣಿ ಬಸ್ಸಿನಲ್ಲಿ ಯಾವ ಸೀಟಿನ ಕೆಳಗೆ ಗಾಲಿಯ ಉಬ್ಬು ಇರುವುದಿಲ್ಲ, ಭಾಷಣದ ಸಭೆಯಲ್ಲಿ ಯಾವ ಕಂಬದ ಹಿಂದೆ ತೂಕಡಿಸಿದರೆ ವೇದಿಕೆಗೆ ಕಾಣುವುದಿಲ್ಲ, ಇದೆಲ್ಲ ನನಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ನಾನು ಹೇಳದಿದ್ದರೆ ಬೇರೆ ಯಾರೂ ಹೇಳುವವರಿಲ್ಲ ಎಂಬುದು ಇಪ್ಪತ್ತೆರಡು ವರ್ಷದ ಅನುಭವ.

ನಾನು ಕಂಪನಿಯ ಚಿಕ್ಕೋಡಿ ಶಾಖೆಯನ್ನು ನೋಡಿಕೊಳ್ಳುತ್ತೇನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ಕಡೆಯ ಮೂವತ್ತೆರಡು ಡೀಲರುಗಳು ನನ್ನ ಪಾಲಿನವರು. ಕಬ್ಬಿಗೆ, ದ್ರಾಕ್ಷಿಗೆ ಪೈಪು ಮಾರಿ ಗುರಿ ಮುಟ್ಟಿದವರನ್ನು ಕಂಪನಿ ವರ್ಷಕ್ಕೊಮ್ಮೆ ಪರದೇಶಕ್ಕೆ ಕರೆದುಕೊಂಡು ಹೋಗುತ್ತದೆ. ಮೂರು ದಿನ ತಿರುಗಾಟ, ಒಂದು ಸಂಜೆ ‘ಗಾಲಾ ಡಿನ್ನರ್’. ಹಿಂದೆ ಬ್ಯಾಂಕಾಕ್ ಆಗಿದೆ, ದುಬೈ ಆಗಿದೆ, ಕೊಲಂಬೊ ಆಗಿದೆ. ಆದರೆ ಡಿನ್ನರು ನಡೆಯುವ ಹಾಲು ಮಾತ್ರ ಎಲ್ಲ ಕಡೆಯೂ ಒಂದೇ. ಕೆಳಗೆ ಕೆಂಪು ಜಮಖಾನೆ, ಮೇಲೆ ಗಾಜಿನ ದೀಪದ ಗೊಂಚಲು, ಮೈ ನಡುಗಿಸುವ ಏಸಿ. ವಿಮಾನ ಹತ್ತಿ ಇಳಿದು ಅಷ್ಟು ದೂರ ಹೋದ ಮೇಲೆ ನಮ್ಮ ನಿಪ್ಪಾಣಿಯ ಮದುವೆಯ ಮಂಗಲ ಕಾರ್ಯಾಲಯದಲ್ಲೇ ಕುಳಿತ ಹಾಗೆ ಅನ್ನಿಸಿದರೆ ಯಾರಿಗೆ ಬೇಸರವಾಗುವುದಿಲ್ಲ?

ಬೇಸರಕ್ಕಿಂತ ದೊಡ್ಡ ನೋವು ಇನ್ನೊಂದಿತ್ತು. ನಮ್ಮ ಡೀಲರುಗಳಲ್ಲಿ ಇಪ್ಪತ್ತು ಮಂದಿ ರಾತ್ರಿ ಉಣ್ಣದ ಜೈನರು. ಅವರಲ್ಲಿ ಹಿರಿಯರು ಉಗಾರ ಬುದ್ರುಕದ ತಾತ್ಯಾಸಾಹೇಬರು, ವಯಸ್ಸು ಎಪ್ಪತ್ತು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಒಂದು ಅಗುಳು ಹಾಕದೆ ನಲವತ್ತು ವರ್ಷ ಕಳೆದಿದ್ದಾರೆ. ಗಾಲಾ ಡಿನ್ನರು ಶುರುವಾಗುವುದೇ ಎಂಟಕ್ಕೆ. ಹೀಗಾಗಿ ಮೂರು ಪ್ರವಾಸದಲ್ಲೂ ತಾತ್ಯಾ ಸಂಜೆ ಐದಕ್ಕೆ ರೂಮಿನಲ್ಲಿ ಎರಡು ಬಾಳೆಹಣ್ಣು ತಿಂದು, ಬಾಗಿಲು ಹಾಕಿಕೊಂಡು ಮಲಗಿದರು. ಕೆಳಗೆ ಅವರಿಗೇ ಬಹುಮಾನ ಕೊಡುವಾಗ ಅವರ ಖುರ್ಚಿ ಖಾಲಿ. ಬಹುಮಾನದ ಫಲಕವನ್ನು ಮರುದಿನ ತಿಂಡಿಯ ಹೊತ್ತಿಗೆ ನಾನು ಕೊಟ್ಟಾಗ, “ಇರ್ಲಿ ಬಿಡೊ ಬಾಳಾಸಾಹೇಬಾ, ನಮ್ಮ ಸಲುವಾಗಿ ಯಾರರೆ ಸೂರ್ಯಾನ ಹಿಡದ ನಿಲ್ಲಸ್ತಾರೇನು?” ಎಂದು ನಕ್ಕುಬಿಡುತ್ತಿದ್ದರು.

ಈ ಸಲ ಪುಣೆಯ ದೊಡ್ಡ ಸಾಹೇಬರು ವಿಯೆಟ್ನಾಂ ಎಂದು ಘೋಷಿಸಿ, “ಜಾಗ ಹಟ್ಕೇ, ಬೇರೆಯೇ ಥರ ಇರಬೇಕು, ಯಾರೂ ನೋಡಿರಬಾರದು” ಎಂದು ಫೋನಿನ ಸಭೆಯಲ್ಲಿ ಹೇಳಿದಾಗ, ಬೇರೆ ಯಾರೂ ಬಾಯಿ ತೆರೆಯುವ ಮೊದಲೇ “ಅದನ್ನ ನನಗ ಬಿಡ್ರಿ ಸಾಹೇಬ್ರ” ಎಂದುಬಿಟ್ಟೆ. ಮನಸ್ಸಿನಲ್ಲಿ ಒಂದೇ ಹಟ. ಈ ಸಲ ತಾತ್ಯಾ ತಮ್ಮ ಖುರ್ಚಿಯಲ್ಲಿ ಕುಳಿತು, ಎಲ್ಲರ ಜೊತೆ ಉಣ್ಣಬೇಕು.

ಹನೋಯಿಯಲ್ಲಿ ಇಂಥ ಕಾರ್ಯಕ್ರಮ ಮಾಡಿಸಿಕೊಡುವ ಲಿನ್ ಎಂಬ ಹೆಣ್ಣುಮಗಳು ವಿಡಿಯೊ ಕಾಲಿನಲ್ಲಿ ಒಂದೊಂದೇ ಜಾಗ ತೋರಿಸತೊಡಗಿದಳು. ನಾನೋ, ಮಗಳಿಗೆ ಗಂಡಿನ ಮನೆ ನೋಡಲು ಹೋದವನಂತೆ ವಿಚಾರಣೆ ನಡೆಸಿದೆ. ನೀರು ಎಲ್ಲಿಂದ ಬರುತ್ತದೆ? ಅಡುಗೆ ಮನೆ ಎಷ್ಟು ದೂರ? ಚಪ್ಪಲಿ ಎಲ್ಲಿ ಬಿಡಬೇಕು? ಚಪ್ಪಲಿ ಪ್ರಶ್ನೆ ಅವಳಿಗೆ ಈ ಮೊದಲು ಯಾವ ದೇಶದವರೂ ಕೇಳಿರಲಿಲ್ಲವಂತೆ. ಅದನ್ನು ಕೇಳಿ ನನಗೆ ಹೆಮ್ಮೆಯಾಯಿತು. ಮೊದಲು ಒಂದು ಹಳೆಯ ಜೈಲು ತೋರಿಸಿದಳು. ಬಣ್ಣ ಹೊಡೆದು ಈಗ ಪಾರ್ಟಿ ಹಾಲು ಮಾಡಿದ್ದಾರಂತೆ. ಡೀಲರುಗಳನ್ನು ಜೈಲಿಗೆ ಒಯ್ದೆ ಎಂದು ಗೊತ್ತಾದರೆ ಅವರ ಬೀಗರ ಮುಂದೆ ನಾನು ಏನು ಹೇಳಲಿ? ಆಮೇಲೆ ಅರವತ್ತನೇ ಮಹಡಿಯ ಮೇಲಿನ ತಾರಸಿ. ನಮ್ಮಲ್ಲಿ ಅರ್ಧ ಮಂದಿಗೆ ಮೊಣಕಾಲು ನೋವು, ಉಳಿದವರಿಗೆ ಲಿಫ್ಟಿನ ಭಯ. ಕೊನೆಗೆ ನದಿಯ ಮೇಲೆ ತೇಲುವ ಹಡಗಿನ ಊಟ. ಅದು ನನಗೆ ಮೆಚ್ಚಿಗೆಯಾಗಿ ತಾತ್ಯಾಗೆ ಫೋನು ಮಾಡಿದೆ.

“ಬೋಟಿನಾಗ ಊಟಾ?” ಎಂದರು ತಾತ್ಯಾ. “ಅಲ್ಲೋ, ಕೃಷ್ಣಾಕ್ಕ ಮಹಾಪೂರ ಬಂದಾಗೆಲ್ಲಾ ಬೋಟಿನಾಗ ಕುಂತ ಪೊಟ್ಟಣದ ಊಟಾ ಉಂಡೇವಿ. ಮ್ಯಾಲ ಹೆಲಿಕಾಪ್ಟರ್ ಸೈತ ಹಾರಾಡತಿತ್ತು. ಅದಕ್ಕ ಮತ್ತ ವಿಮಾನ ಹತ್ತಿ ಹೋಗ್ಬೇಕೇನು?”

ಹಡಗು ಮುಳುಗಿತು. ಆಗ ಲಿನ್ ತನ್ನ ಕೊನೆಯ ಜಾಗ ತೋರಿಸಿದಳು. ಹನೋಯಿಯಿಂದ ಬಸ್ಸಿನಲ್ಲಿ ಎರಡು ತಾಸು. ಸುತ್ತ ಸುಣ್ಣಗಲ್ಲಿನ ಗುಡ್ಡಗಳು. ಒಂದು ಗುಡ್ಡದ ಹೊಟ್ಟೆಯಲ್ಲಿ, ಮೊಣಕಾಲು ನೋವಿನವರಿಗೂ ಒಗ್ಗುವ ಐವತ್ತು ಗಿಡ್ಡ ಮೆಟ್ಟಿಲು ಇಳಿದರೆ ಆನೆ ಹೋಗುವಷ್ಟು ದೊಡ್ಡ ಗುಹೆ. ಒಳಗೆ ಮೇಜು ಹಾಕಿ, ಮೇಣದ ದೀಪ ಹಚ್ಚಿ, ಮೇಲಿಂದ ಇಳಿಬಿದ್ದ ಕಲ್ಲುಗಳಿಗೆ ಬಣ್ಣದ ಬೆಳಕು ಬಿಡುತ್ತಾರೆ. ನಾನು ಉಸಿರು ಹಿಡಿದು ನೋಡಿದೆ. ತಾತ್ಯಾ ಕೂಡ ಈ ಸಲ ತಕರಾರು ತೆಗೆಯಲಿಲ್ಲ. “ಗವಿ ಅಂದ್ರ ಮುನಿಗೋಳು ತಪಸ್ಸ ಮಾಡೋ ಜಾಗಾ. ಭಾಳ ಛಲೋ ಆರಿಸಿದಿ ನೋಡ” ಎಂದರು. ಆ ಒಂದು ಮಾತಿಗೆ ನಾನು ಎರಡು ದಿನ ನೆಲ ಬಿಟ್ಟು ನಡೆದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ ಯಾವುದೂ ಇಲ್ಲದೆ ಅಡುಗೆ ಮಾಡುವ ಒಬ್ಬ ಭಾರತೀಯ ಅಡುಗೆಯವನನ್ನೂ ಲಿನ್ ಹನೋಯಿಯಲ್ಲೇ ಹುಡುಕಿದಳು.

ಇನ್ನು ಉಳಿದದ್ದು ಸಮಯ. ಇಲ್ಲಿಯೇ ನನ್ನ ಬುದ್ಧಿ ವಿಶೇಷವಾಗಿ ಓಡಿತು. ನಮ್ಮ ಅಡುಗೆ ಮನೆಯ ಗೋಡೆಗೆ ಬಸದಿಯವರು ಕೊಟ್ಟ ಕ್ಯಾಲೆಂಡರ್ ನೇತಾಡುತ್ತದೆ. ದಿನದಿನದ ಸೂರ್ಯೋದಯ, ಸೂರ್ಯಾಸ್ತ ಅದರಲ್ಲಿ ನಿಮಿಷದ ಲೆಕ್ಕದಲ್ಲಿ ಅಚ್ಚಾಗಿರುತ್ತವೆ. ಡಿಸೆಂಬರಿನ ಆ ದಿನದ ಸೂರ್ಯಾಸ್ತ ಆರು ಗಂಟೆ ಎರಡು ನಿಮಿಷ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಮುಂದಿದೆ ಎಂಬುದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಅವರ ಗಡಿಯಾರಕ್ಕೆ ಅವರ ಆರು, ನಮ್ಮ ಗಡಿಯಾರಕ್ಕೆ ನಮ್ಮ ಆರು ಎಂದು ಲೆಕ್ಕ ಹಾಕಿ ನಾಲ್ಕೂಕಾಲಿಗೆ ಸಭೆ, ಐದಕ್ಕೆ ಊಟ, ಐದೂಮುಕ್ಕಾಲಿಗೆ ಕೈ ತೊಳೆಯುವುದು ಎಂದು ಬರೆದು ಕಳಿಸಿದೆ. “ಸರ್, ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಬೇಗ ಮುಳುಗುತ್ತಾನೆ” ಎಂದು ಲಿನ್ ಇಂಗ್ಲಿಷಿನಲ್ಲಿ ಉತ್ತರ ಬರೆದಳು. ಸೂರ್ಯಾಸ್ತದ ವಿಷಯದಲ್ಲಿ ಜೈನರ ಮನೆಯವನಿಗೆ ಪಾಠ ಹೇಳುವುದೇ? ನಾನು ಕ್ಯಾಲೆಂಡರಿನ ಆ ದಿನಕ್ಕೆ ಕೆಂಪು ಸುತ್ತು ಹಾಕಿ, ಫೋಟೊ ತೆಗೆದು ಕಳಿಸಿದೆ. ಅವಳು ಸಭ್ಯ ಹುಡುಗಿ. “ಕ್ಯಾಲೆಂಡರ್ ತುಂಬ ಚೆನ್ನಾಗಿದೆ ಸರ್” ಎಂದಷ್ಟೇ ಬರೆದಳು.

ಆ ದಿನ ಬಸ್ಸು ಸರಿಯಾಗಿ ನಾಲ್ಕಕ್ಕೆ ಗುಡ್ಡದ ಬುಡ ಮುಟ್ಟಿತು. ಆ ವರ್ಷ ಗುರಿ ಮುಟ್ಟಿದ್ದ ಮೂವತ್ತೆರಡೂ ಮಂದಿ ಮೆಟ್ಟಿಲು ಇಳಿದು ಗುಹೆಯೊಳಗೆ ಕಾಲಿಟ್ಟವರು ಕತ್ತು ಮೇಲೆತ್ತಿ ನಿಂತೇಬಿಟ್ಟರು. ಗಾಳಿ ತಣ್ಣಗಿತ್ತು. ಎಲ್ಲೋ ಒಂದು ಹನಿ ತೊಟ್ಟಿಕ್ಕುತ್ತಿತ್ತು. ರಾಯಬಾಗದ ಶಿವಗೌಡರು, ನಮ್ಮಲ್ಲಿ ಅತಿ ಹೆಚ್ಚು ಪೈಪು ಮಾರುವವರು, “ಇಲ್ಲೂ ಡ್ರಿಪ್ ಹಾಕ್ಯಾರಲ್ರೀ!” ಎಂದರು. ಗುಹೆ ತುಂಬ ನಗು. ತಾತ್ಯಾ ತಮ್ಮ ಹೆಸರಿನ ಚೀಟಿ ಇದ್ದ ಖುರ್ಚಿಯನ್ನು ಒಮ್ಮೆ ಕೈಯಿಂದ ಸವರಿ, ಟೋಪಿ ಸರಿ ಮಾಡಿಕೊಂಡು ಕುಳಿತರು. ಅದನ್ನು ನೋಡಿ ನನ್ನ ಕಣ್ಣು ಒದ್ದೆಯಾದದ್ದು ನಿಜ.

ದೊಡ್ಡ ಸಾಹೇಬರು ಹತ್ತು ನಿಮಿಷ ಮಾತಾಡಿ, ಬಹುಮಾನ ಹಂಚಿ, “ಈ ಜಾಗ ಆರಿಸಿದವರೇ ಎರಡು ಮಾತು ಹೇಳಲಿ” ಎಂದು ಮೈಕು ನನ್ನ ಕೈಗೆ ಕೊಟ್ಟರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಮೈಕು ಸಿಕ್ಕರೆ ಏನು ಮಾಡುತ್ತಿದ್ದನೋ ಗಾದೆ ಮಾಡಿದವರಿಗೆ ಗೊತ್ತಿರಲಿಲ್ಲ. ನಾನು ಜೈಲಿನಿಂದ ಶುರು ಮಾಡಿದೆ. ಅರವತ್ತನೇ ಮಹಡಿ ಹತ್ತಿಸಿ ಇಳಿಸಿದೆ. ಹಡಗಿಗೆ ಬಂದಾಗ ಲಿನ್ ಗೋಡೆಯ ಪಕ್ಕ ನಿಂತು ತನ್ನ ಕೈಗಡಿಯಾರ ತೋರಿಸುತ್ತಿದ್ದಳು. ಸಾರು ಆರಿಹೋಗುತ್ತದೆಂದು ಅವಳಿಗೆ ಅವಸರ ಎಂದುಕೊಂಡು, ಇನ್ನು ಐದು ನಿಮಿಷ ಎಂಬಂತೆ ಅಂಗೈ ತೋರಿಸಿದೆ. ಯಾವಾಗ ತಾತ್ಯಾ ಎದ್ದು ಹೊರಗೆ ಹೋದರೋ ನನಗೆ ಕಾಣಲಿಲ್ಲ. ಊಟಕ್ಕೆ ಮೊದಲು ಕಾಲು ತೊಳೆದುಕೊಳ್ಳಲು ಹೋಗಿದ್ದರಂತೆ. ಗುಹೆಯ ಬಾಯಿಯಿಂದ ಅವರ ದನಿ ಬಂತು.

“ಏ ಬಾಳಾಸಾಹೇಬಾ! ಮಾತ ಸಾಕ ಮಾಡು. ಹೊತ್ತ ಗುಡ್ಡದ ನೆತ್ತಿಗೆ ಬಂದೈತಿ!”

ಗಡಿಯಾರದಲ್ಲಿ ಐದಾಗಿ ಎರಡು ನಿಮಿಷ. ನಾನು ಓಡಿ ಮೇಲೆ ಹೋಗಿ ನೋಡಿದರೆ, ಚಿಕ್ಕೋಡಿಯಲ್ಲಾದರೆ ಇನ್ನೂ ಒಂದು ತಾಸು ಇರಬೇಕಾದ ಸೂರ್ಯ ಕೆಂಪಗೆ ಗುಡ್ಡದ ಹತ್ತಿರ ನಿಂತಿದ್ದಾನೆ. “ಎಷ್ಟು ಹೊತ್ತಿದೆ?” ಎಂದು ಕೇಳಿದೆ. “ಹದಿನೈದು ನಿಮಿಷ ಸರ್. ಬರೆದಿದ್ದೆನಲ್ಲ” ಎಂದಳು ಹಿಂದೆಯೇ ಓಡಿ ಬಂದ ಲಿನ್. ಅವಳ ತಾಯ್ತಂದೆ ಅವಳಿಗೆ ಒಳ್ಳೆಯ ಸಂಸ್ಕಾರ ಕೊಟ್ಟಿದ್ದರು; ಕ್ಯಾಲೆಂಡರಿನ ಮಾತನ್ನು ಅವಳು ಎತ್ತಲಿಲ್ಲ. ಅಲ್ಲಿಯ ಪದ್ಧತಿಯ ಊಟವೋ ಏಳು ಸುತ್ತಿನದು. ಒಂದೊಂದು ತಟ್ಟೆಯನ್ನೂ ಬಿಳಿ ಕೈಗವಸಿನವರು ನಿಧಾನವಾಗಿ ತಂದಿಡುವುದು. ಹದಿನೈದು ನಿಮಿಷದಲ್ಲಿ ಒಂದು ಸೂಪು ಬರುತ್ತಿತ್ತು. ತಾತ್ಯಾಗೆ ಸಕ್ಕರೆ ಕಾಯಿಲೆ ಬೇರೆ. ಮಧ್ಯಾಹ್ನವೂ ಸರಿಯಾಗಿ ಉಂಡಿರಲಿಲ್ಲ.

ಆಗ ಶಿವಗೌಡರು ಕೋಟು ಬಿಚ್ಚಿ ಕಲ್ಲಿನ ಮೇಲೆ ಎಸೆದರು. “ಏ, ಉಪಾಸ ಬೀಳವರೆಲ್ಲಾ ಹೊರಗ ಹೊತ್ತ ಕಾಣೂವಂಗ ಮೆಟ್ಟಲ ಮ್ಯಾಲ ಕುಂಡ್ರಿ. ಉಳದಾವರು ಕೈ ಹಾಕ್ರಿ. ಮೊದಲ ಇವರದು ಆಗ್ಲಿ, ನಮ್ಮದೇನ್ ಅವಸರಿಲ್ಲ” ಎಂದು ಗುಡುಗಿದರು. ಅಷ್ಟು ಸಾಕಾಯಿತು. ಮದುವೆ ಮನೆಯಲ್ಲಿ ಸಾವಿರ ಮಂದಿಗೆ ಬಡಿಸಿದ ಕೈಗಳು ಅವು. ಹನ್ನೆರಡು ಮಂದಿ ಐವತ್ತು ಮೆಟ್ಟಿಲಿಗೆ ಸಾಲಾಗಿ ನಿಂತರು. ಚಪಾತಿಯ ಬುಟ್ಟಿ, ಬೆಂಡಿಕಾಯಿ ಪಲ್ಯ, ಬ್ಯಾಳಿ, ಶಿರಾ ಒಂದು ಕೈಯಿಂದ ಇನ್ನೊಂದು ಕೈಗೆ ಹಾರಿ ಮೇಲೆ ಬಂದವು. ಮೆಟ್ಟಿಲ ಮೇಲೆ ಪಂಕ್ತಿ ಕುಳಿತಿತು. ಬಿಳಿ ಕೈಗವಸಿನವರು ಕಂಗಾಲಾಗಿ ನೋಡುತ್ತಿದ್ದರು. ದೊಡ್ಡ ಸಾಹೇಬರು ಸೂಟಿನಲ್ಲೇ ನೀರಿನ ಜಗ್ಗು ಹಿಡಿದು ಓಡಾಡಿದರು. ನಾನು ಸಾಲಿನ ತುದಿಯಲ್ಲಿ ನಿಂತು, “ತಾತ್ಯಾಗೆ ಶಿರಾ ಹಾಕಬ್ಯಾಡ್ರಿ, ಬ್ಯಾಳಿ ಹಾಕ್ರಿ” ಎಂದು ಕೂಗುತ್ತಿದ್ದೆ. ತಾತ್ಯಾ ಕಡೆಯ ತುತ್ತು ನುಂಗಿ, ನೀರು ಕುಡಿದು, ಬಾಯಿ ಮುಕ್ಕಳಿಸಿ ಕೈ ಜೋಡಿಸಿದಾಗ ಗುಡ್ಡದ ಅಂಚಿನಲ್ಲಿ ಉಗುರಿನಷ್ಟು ಸೂರ್ಯ ಉಳಿದಿದ್ದ. ಮೆಟ್ಟಿಲ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಇಂಥ ಗಾಲಾ ಡಿನ್ನರು ತಾವು ಜನ್ಮದಲ್ಲಿ ಕಂಡಿಲ್ಲ ಎಂದು ದೊಡ್ಡ ಸಾಹೇಬರು ನನ್ನ ಕೈ ಕುಲುಕಿದರು. ಎಲ್ಲ ನನ್ನದೇ ಯೋಜನೆ ಎಂದು ಅವರು ತಿಳಿದಿದ್ದರು. ನಾನು ತಿದ್ದಲಿಲ್ಲ.

ಉಳಿದವರು ಒಳಗೆ ಹೋಗಿ ಉಣ್ಣತೊಡಗಿದರು. ಲಿನ್ ನನಗಾಗಿ ಎತ್ತಿಟ್ಟ ತಟ್ಟೆ ತಂದಳು. ಈಗ ಒಂದು ಸತ್ಯ ಹೇಳಿಬಿಡಬೇಕು. ನಾನು ಹುಟ್ಟಿನಿಂದ ಜೈನನೇ, ಆದರೆ ಆ ವ್ರತ ನಾನೆಂದೂ ಹಿಡಿದವನಲ್ಲ. ಮನೆಯಲ್ಲಿ ನನ್ನ ಊಟ ರಾತ್ರಿ ಎಂಟೂವರೆಗೆ, ಟೀವಿಯ ಮುಂದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಕೈ ಚಾಚಿದೆ. ಅಷ್ಟರಲ್ಲಿ ತಾತ್ಯಾ ನಡುವೆ ಬಂದು ತಟ್ಟೆಯನ್ನು ಹಿಂದಕ್ಕೆ ಸರಿಸಿದರು.

“ಬ್ಯಾಡವಾ ತಂಗಿ, ಹೊತ್ತ ಮುಳಗೇತಿ, ಇನ್ನ ಅಂವ ಮುಟ್ಟಂಗಿಲ್ಲ” ಎಂದು ಲಿನ್‌ಗೆ ಅಚ್ಚ ಕನ್ನಡದಲ್ಲೇ ಹೇಳಿ, ನನ್ನ ಹೆಗಲ ಮೇಲೆ ಕೈ ಇಟ್ಟರು. “ನಮಗೆಲ್ಲಾ ಉಣ್ಣಿಸಿ ನೀ ಉಪಾಸ ಉಳದಿ. ನಿನ್ನಂಥಾವರು ಎಷ್ಟ ಮಂದಿ ಅದಾರಪಾ?” ಹಿಂದೆ ಹತ್ತೊಂಬತ್ತು ಮಂದಿ ನನ್ನನ್ನೇ ನೋಡುತ್ತಿದ್ದರು. ನಾನು ಲಿನ್ ಕಡೆ ತಿರುಗಿ “ನೋ, ಥ್ಯಾಂಕ್ ಯು” ಎಂದೆ. ಹನೋಯಿಯ ತನಕ ಎರಡು ತಾಸು ತಾತ್ಯಾ ಅಭಿಮಾನದಿಂದ ನನ್ನ ಪಕ್ಕದಲ್ಲೇ ಕುಳಿತರು. ನನ್ನ ಚೀಲದಲ್ಲಿ ಹೆಂಡತಿ ಕಟ್ಟಿಕೊಟ್ಟ ಚಕ್ಕುಲಿ ಇತ್ತು. ಸದ್ದಿಲ್ಲದೆ ಚಕ್ಕುಲಿ ತಿನ್ನುವ ವಿದ್ಯೆಯನ್ನು ದೇವರು ಯಾರಿಗೂ ಕೊಟ್ಟಿಲ್ಲ.

ಊರಿಗೆ ಬಂದ ಮೂರನೇ ದಿನ ಎಂಟೂವರೆಗೆ ತಾಟಿನ ಮುಂದೆ ಕುಳಿತಿದ್ದೆ. ನನ್ನ ಹೆಂಡತಿ ಸುಜಾತಾಳಿಗೆ ತಾತ್ಯಾ ಅವರ ಫೋನು ಬಂತು. ಸ್ಪೀಕರಿನಲ್ಲಿ ಗುಹೆಯ ಕಥೆಯೆಲ್ಲ ಹೇಳಿ, “ತಂಗಿ, ನಿನ್ನ ಗಂಡ ಭಾಳ ದೊಡ್ಡ ಮನಶ್ಯಾ. ಪರದೇಶದಾಗೂ ವ್ರತಾ ಬಿಡ್ಲಿಲ್ಲ ನೋಡು” ಎಂದರು. ನಾನು ಅರ್ಧ ತುತ್ತು ಬಾಯಿಯಲ್ಲಿಟ್ಟುಕೊಂಡು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

“ಹೌದ್ರಿ ತಾತ್ಯಾ,” ಎಂದಳು ನಿಧಾನವಾಗಿ, “ಹೊತ್ತ ಮುಳಗಿದ ಮ್ಯಾಲ ಒಂದ ಹನಿ ನೀರ ಸೈತ ಮುಟ್ಟಂಗಿಲ್ರಿ.”

ಅವಳು ನನ್ನ ಮಾನ ಉಳಿಸಿದಳೆಂದು ಎದೆ ಉಬ್ಬಿ ಬಂತು. ಅವಳು ಫೋನು ಇಟ್ಟಳು. ನನ್ನ ಮುಂದಿನ ತಾಟು ಎತ್ತಿಕೊಂಡಳು.

“ನೀವು ಸುಳ್ಳ ಹೇಳಿದ್ರ ನಡೀತೈತ್ರಿ. ತಾತ್ಯಾಗೋಳಿಗೆ ನಾ ಸುಳ್ಳ ಹೇಳಿದಂಗ ಆಗಬಾರ್ದು” ಎಂದು ಒಳಗೆ ಹೋದಳು.

ಅಂದಿನಿಂದ ನಮ್ಮ ಮನೆಯಲ್ಲಿ ಐದೂವರೆಗೆ ಊಟ. ನಾನು ಆಫೀಸಿನಿಂದ ಐದೂಕಾಲಿಗೆ ಎದ್ದರೆ ಡೀಲರುಗಳು ಎದ್ದು ನಿಂತು ದಾರಿ ಬಿಡುತ್ತಾರೆ, ಹೊಸಬರಿಗೆ ನನ್ನನ್ನು ಬೆರಳು ಮಾಡಿ ತೋರಿಸುತ್ತಾರೆ. ನಾನೂ ತಲೆ ತಗ್ಗಿಸಿ, ವ್ರತಸ್ಥರು ನಡೆಯುವ ಹಾಗೆ ನಡೆದು ಹೋಗುತ್ತೇನೆ. ಇಷ್ಟು ಗೌರವ ನನಗೆ ಹಿಂದೆ ಎಂದೂ ಸಿಕ್ಕಿರಲಿಲ್ಲ. ಎಂಟೂವರೆಗೆ ಮಾತ್ರ ಟೀವಿಯಲ್ಲಿ ಯಾರಾದರೂ ಊಟಕ್ಕೆ ಕುಳಿತರೆ ಚಾನೆಲ್ ಬದಲಿಸುತ್ತೇನೆ.