ಮಿಸುಕ್ತೇನವ್ವ?

ಬಸಿರಿನ ನಡುವಿನ ತಿಂಗಳುಗಳು ಬಲು ಹಾಯಾದ ಕಾಲ ಎಂದು ಮೊದಲು ಹೇಳಿದ ಪುಣ್ಯಾತ್ಮರು ಯಾರೋ ತಿಳಿಯದು. ಸಿಕ್ಕರೆ ಸುಮ್ಮನೆ ಬಿಡುವವಳಲ್ಲ ನಾನು. ವಾಂತಿ ನಿಲ್ಲುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ, ಮುಖಕ್ಕೆ ಕಳೆ ಬರುತ್ತದೆ ಎಂದೆಲ್ಲ ಹೇಳಿ ನನ್ನನ್ನು ನಂಬಿಸಿದ್ದರು. ವಾಂತಿ ನಿಂತದ್ದು ನಿಜ. ಅದರ ಜಾಗಕ್ಕೆ ಎದೆಯುರಿ ಬಂತು, ಮೂಗು ಕಟ್ಟಿತು, ಮಲಗಿದರೆ ಮೀನಖಂಡ ಹಿಡಿದುಕೊಂಡಿತು. ಕಳೆ ದಾರಿ ತಪ್ಪಿ ಯಾರ ಮುಖಕ್ಕೆ ಹೋಯಿತೋ ಗೊತ್ತಿಲ್ಲ. ಸಿಟ್ಟು ಬರುತ್ತದೆ ಎಂದು ಮಾತ್ರ ಒಬ್ಬರೂ ಹೇಳಿರಲಿಲ್ಲ. ಮೊದಲೇ ಮೂಗಿನ ತುದಿಯಲ್ಲಿ ಕೋಪವಿದ್ದವಳು ನಾನು. ಐದನೇ ತಿಂಗಳಿಗೆ ಅದು ಮುಖಕ್ಕೆಲ್ಲ ಹಬ್ಬಿತು.

ಅದಕ್ಕೆ ಕಾರಣ ಒಂದೇ ಪ್ರಶ್ನೆ. ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟರೆ ಸಾಕು, ನನ್ನ ಆರೈಕೆಗೆಂದು ಗುಡೇಮಾರನಹಳ್ಳಿಯಿಂದ ಚನ್ನಪಟ್ಟಣದ ನಮ್ಮ ಮನೆಗೆ ಬಂದಿರುವ ಅತ್ತೆ ಕೇಳುತ್ತಾರೆ: “ಕೂಸು ಮಿಸುಕ್ತೇನವ್ವ?” ಇಲ್ಲ ಅತ್ತೆ ಎಂದರೆ, “ನಿನ್ ಗಂಡ ಇಷ್ಟೊತ್ಗೆ ಒದ್ದು ಒದ್ದು ನನ್ನ ಸಾಯಿಸ್ಬುಟ್ಟಿದ್ದ” ಎನ್ನುತ್ತಾರೆ. ಇರಬಹುದು. ಜೀವಮಾನದ ಶ್ರಮವನ್ನೆಲ್ಲ ಆ ಒದೆತದಲ್ಲೇ ಮುಗಿಸಿಕೊಂಡು ಹುಟ್ಟಿರಬೇಕು. ಈಗ ಕುಡಿದ ಲೋಟ ಎತ್ತಿಡಲೂ ಆ ಕಾಲು ಅಲ್ಲಾಡುವುದಿಲ್ಲ. ಕೂತಲ್ಲಿಂದಲೇ ಮೊಬೈಲ್ ನೋಡಿ, “ಈ ವಾರ ಕೂಸು ಬಾಳೆಹಣ್ಣಿನಷ್ಟು ಉದ್ದ ಇರುತ್ತಂತೆ” ಎಂದು ಓದುತ್ತಾರೆ ನಮ್ಮ ಯಜಮಾನರು. “ಯಾವ್ ಬಾಳೆಹಣ್ಣೋ ಮಗ? ಏಲಕ್ಕಿನೋ, ಪಚ್ಚಬಾಳೆನೋ?” ಎಂದು ಅತ್ತೆ. ತಾಯಿ ಮಗ ಇದನ್ನು ಬಹಳ ಹೊತ್ತು ಚರ್ಚಿಸಿದರು. ನನ್ನ ಮಗು ಅವರ ಬಾಯಲ್ಲಿ ಹಣ್ಣಿನ ವ್ಯಾಪಾರವಾಯಿತು. ನಾನು ಲೋಟ ಕುಕ್ಕಿ ಎದ್ದುಹೋದೆ.

ಶಾಲೆಯ ಸ್ಟಾಫ್ ರೂಮಿನಲ್ಲೂ ಅದೇ ಪ್ರಶ್ನೆ. ಕೆಲವರದು ಕಾಳಜಿ, ಕೆಲವರದು ಟೈಂಪಾಸು. ಇನ್ನೂ ಇಲ್ಲ ಎಂದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆ ನೋಟಕ್ಕೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಎಲ್ಲ ಚೆನ್ನಾಗಿದೆ, ಚೊಚ್ಚಲಲ್ಲಿ ತಿಳಿಯುವುದು ಸ್ವಲ್ಪ ತಡ ಎಂದಿದ್ದರು. ಆದರೂ ಗಣಿತ ಪಾಠದ ನಡುವೆ, ಬಚ್ಚಲಮನೆಯಲ್ಲಿ, ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿ ಕಾಯುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು. ಹೆದರಿದಾಗ ಅಳುವವರಿದ್ದಾರೆ, ಹರಕೆ ಹೊರುವವರಿದ್ದಾರೆ. ನಾನು ಜಗಳಕ್ಕೆ ಜನ ಹುಡುಕುತ್ತೇನೆ.

ಮೊನ್ನೆ ಬಸ್ಸಿನಲ್ಲಿ ಒಬ್ಬ ಸಿಕ್ಕಿದ. ರಾಮನಗರದ ನಮ್ಮ ಶಾಲೆಗೆ ಹೊರಟಿದ್ದೆ, ಬಸ್ಸು ತುಂಬಿತ್ತು. ‘ಮಹಿಳೆಯರಿಗೆ’ ಎಂದು ಬರೆದಿದ್ದ ಸೀಟಿನಲ್ಲಿ ನಡುವಯಸ್ಸಿನವನೊಬ್ಬ ಕಾಲು ಅಗಲಿಸಿ ಕೂತಿದ್ದ, ಪಕ್ಕದಲ್ಲಿ ಅವನ ಸ್ನೇಹಿತ. “ಒಸಿ ಎದ್ದೇಳ್ತೀರಾ, ನಾನು ಬಸುರಿ” ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಲ್ಲವ್ವ, ಕಾಣ್ತಾನೇ ಇಲ್ವಲ್ಲ” ಎಂದ. ಐದು ತಿಂಗಳ ಹೊಟ್ಟೆಯ ಕರ್ಮವೇ ಇದು. ಕಂಡವರು ಬಸುರಿ ಎನ್ನುವುದಿಲ್ಲ, ಉಂಡು ಕೊಬ್ಬಿದ್ದಾಳೆ ಎನ್ನುತ್ತಾರೆ. ಸಾಲದ್ದಕ್ಕೆ, “ಟಿಕೆಟ್‌ಗೆ ಕಾಸ್ ಕೊಟ್ಟಿರೋನು ನಾನು. ನಿಮ್ದು ಫ್ರೀ. ಸೀಟೂ ಬೇಕಾ?” ಎಂದು ಸೇರಿಸಿದ.

ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಅತ್ತೆಗೆ ಹೇಳಲಾಗದ್ದು, ಗಂಡನಿಗೆ ಹೇಳಬೇಕಾದದ್ದು, ಸ್ಟಾಫ್ ರೂಮಿಗೆ ಬಾಕಿ ಇದ್ದದ್ದು ಎಲ್ಲ ಒಟ್ಟಿಗೆ ಬಾಯಿಗೆ ಬಂತು. “ನೋಡ್ರೀ, ನಿಮ್ಮನ್ನ ಹೆತ್ತೋರೂ...” ಎಂದು ಶುರು ಮಾಡಿದೆ. ಅಷ್ಟರಲ್ಲಿ ಹೊಕ್ಕುಳ ಕೆಳಗೆ, ಒಳಗಿನಿಂದ, ಯಾರೋ ಬೆರಳ ತುದಿಯಲ್ಲಿ ತಟ್ಟಿದಂತಾಯಿತು. ಬಸ್ಸಿನ ಕುಲುಕಾಟ ಇರಬೇಕು ಎಂದುಕೊಂಡೆ. ಕೆಂಗಲ್ ಬಂತು, ಬಸ್ಸು ನಿಂತಿತು. ಮತ್ತೆ ತಟ್ಟಿತು.

ನನ್ನ ಬಾಯಿ ತೆರೆದೇ ಇತ್ತು. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಅವನು ಗಾಬರಿಯಾಗಿ ಎದ್ದ. “ಕೂತ್ಕಳವ್ವ, ಅಳ್ಬ್ಯಾಡ. ಏನೋ ಬಾಯ್ತಪ್ಪಿ ಅಂದ್ಬುಟ್ಟೆ.” ನಾನು ಕೂರಲಿಲ್ಲ. ನಾನು ಕೂತರೆ ಅದು ನಿಂತುಬಿಟ್ಟರೆ ಎಂಬ ಭಯ. ಒಂದು ಕೈ ಕಂಬಿಗೆ, ಇನ್ನೊಂದು ಹೊಟ್ಟೆಗೆ ಕೊಟ್ಟು ನಿಂತೇ ಇದ್ದೆ. ಅವನು ಮತ್ತೆ ಮತ್ತೆ ಕರೆದ, ನಾನು ಬೇಡವೆಂದು ತಲೆಯಾಡಿಸಿದೆ. ಕೊನೆಗೆ ಅವನೇ ಕೂತು, ಸ್ನೇಹಿತನ ಕಿವಿಯಲ್ಲಿ ಬಸ್ಸಿಗೆಲ್ಲ ಕೇಳುವಂತೆ ಹೇಳಿದ: “ಈಯಮ್ಮಂಗೆ ಸೀಟ್ ಬೇಕಿರ್ನಿಲ್ಲ ಕಣ್ಲಾ, ಜಗ್ಳ ಬೇಕಾಗಿತ್ತು.”

ಬೇರೆ ದಿನವಾಗಿದ್ದರೆ ಬಿಡುತ್ತಿರಲಿಲ್ಲ. ಅವತ್ತು ರಾಮನಗರ ಬರುವವರೆಗೂ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಇಷ್ಟು ವರ್ಷದಲ್ಲಿ ನನ್ನನ್ನು ಸರಿಯಾಗಿ ಅರ್ಥ ಮಾಡಿಕೊಂಡವನು ಆ ದರಿದ್ರದವನೊಬ್ಬನೇ.