ಇಂಗ್ಲಿಷ್ ದೃಷ್ಟಿ

ಏನು ಕಂಡರೂ ನನ್ನ ಬಾಯಿಂದ ಬರುತ್ತಿದ್ದ ಇಂಗ್ಲಿಷ್ ಪದ ಒಂದೇ: ಗುಡ್. ಮನೆ ಗುಡ್, ಮಳೆ ಗುಡ್, ಮಂಡಕ್ಕಿ ಗುಡ್. ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಹಾಗಲ್ಲ. ಹರಿಹರದ ಮಾವನ ಮನೆಯಲ್ಲಿ ಅವನು ಇಂಗ್ಲಿಷ್ ಶುರುಮಾಡಿದರೆ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಹಿರಿಯ ಅಳಿಯನಾದ ನಾನು ಎಲೆಅಡಿಕೆ ತಟ್ಟೆಯನ್ನು ದಿಟ್ಟಿಸುತ್ತ ಕೂರಬೇಕಾಗಿತ್ತು. ಈ ಅನ್ಯಾಯವನ್ನು ಕೊನೆಗಾಣಿಸಲೆಂದೇ ನಮ್ಮ ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಕೊಂಡೆ.

"ಗುಡ್, ನೈಸ್ ಎರಡೂ ಇವತ್ತಿಂದ ಬಂದ್!" ಎಂದರು ಮೇಡಂ. "ಕಂಡಿದ್ದನ್ನೆಲ್ಲ ಬೇರೆ ಬೇರೆ ಪದದಾಗೆ ವರ್ಣನೆ ಮಾಡ್ರಿ. ಒಂದ್ಸಲ ಬಂದ ಪದ ಮತ್ತೆ ಬರಬಾರ್ದು."

ಮರುದಿನ ಬೆಳಿಗ್ಗೆಯೇ ಅಭ್ಯಾಸಕ್ಕೆ ಇಳಿದೆ. ಉಪ್ಪಿಟ್ಟು ಬಾಯಿಗಿಟ್ಟು, "ಸ್ಪ್ಲೆಂಡಿಡ್!" ಎಂದೆ.

"ಯಾಕ್ರಿ, ಉಪ್ಪು ಜಾಸ್ತಿ ಆಗೈತಾ?" ಎಂದಳು ಹೆಂಡತಿ ಗಿರಿಜಾ.

"ಇಲ್ಲ, ಮ್ಯಾಗ್ನಿಫಿಸೆಂಟ್!"

"ಹಂಗಾರೆ ಸುಮ್ನೆ ತಿನ್ರಿ."

ಅದೇ ವಾರ ಹರಿಹರದಲ್ಲಿ ನಾದಿನಿ ಸುಧಾಳ ಮಗುವಿನ ನಾಮಕರಣ. ಬಹಳ ಕಾಲ ಕಾದು ಪಡೆದ ಮಗು. ಬಸ್ಸಿನಲ್ಲಿ ಗಿರಿಜಾ ಎಚ್ಚರಿಕೆ ಕೊಟ್ಟಳು: "ಎಷ್ಟು ಹರಕೆ ಹೊತ್ತು ಹಡೆದಾಳೆ ನನ್ ತಂಗಿ. ಅಲ್ಲಿ ನಿಮ್ಮ ಇಂಗ್ಲಿಷ್ ತೆಗೀಬ್ಯಾಡ್ರಿ. ಉಂಡು ಸುಮ್ನೆ ಬರೋದು." ನಾನು ಸಜ್ಜನನಂತೆ ತಲೆಯಾಡಿಸಿದೆ.

ಮಾವನ ಮನೆ ಜನರಿಂದ ತುಂಬಿತ್ತು. ಷಡ್ಡಕ ತೊಟ್ಟಿಲ ಪಕ್ಕದಲ್ಲೇ ನಿಂತಿದ್ದ. ನನ್ನನ್ನು ಕಂಡವನೇ ಎಲ್ಲರೆದುರು, "ಹೌ ಈಸ್ ಮೈ ಸನ್?" ಎಂದು ಕೇಳಿಬಿಟ್ಟ!

"ಬ್ಯೂಟಿಫುಲ್," ಎಂದೆ.

ಷಡ್ಡಕ ಹುಬ್ಬೇರಿಸಿದ. ಆ ಹುಬ್ಬು ನನ್ನನ್ನು ಕೆಡಿಸಿತು. ಮಗುವಿನ ಕೆನ್ನೆ ತೋರಿಸಿ "ಲವ್ಲಿ!" ಎಂದೆ. ಮೂಗು ತೋರಿಸಿ "ಚಾರ್ಮಿಂಗ್!" ಎಂದೆ. ತೊಡೆ ತೋರಿಸಿ "ಗಾರ್ಜಿಯಸ್!" ಎಂದೆ. ನಮ್ಮ ಕಡೆ ಮಗು ಗುಂಡುಗುಂಡಾಗಿದ್ದರೂ, ದೃಷ್ಟಿ ತಾಗೀತೆಂದು, "ಯವ್ವಾ, ಕೂಸು ಸೊರಗೈತಲ್ಲ" ಎನ್ನುವುದೇ ಮರ್ಯಾದೆ. ಪದಗಳ ಹುರುಪಿನಲ್ಲಿ ನನಗದು ಮರೆತೇಹೋಗಿತ್ತು. "ಸ್ಟನಿಂಗ್!" ಎನ್ನುವಷ್ಟರಲ್ಲಿ ಮಗು ಕಿಟಾರನೆ ಕಿರುಚಿಕೊಂಡಿತು.

ಹಾಲು ಕೊಟ್ಟರೂ ನಿಲ್ಲಲಿಲ್ಲ, ಜೋಗುಳ ಹಾಡಿದರೂ ನಿಲ್ಲಲಿಲ್ಲ. ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಬಾಗಿದಾಗೆಲ್ಲ ತನ್ನ ಕಿವಿಯನ್ನೇ ಮುಚ್ಚಿಕೊಂಡು ಏಳುತ್ತಿದ್ದಳು. ಮುಹೂರ್ತ ಮೀರುತ್ತಿತ್ತು. ಸುಧಾಳ ಕಣ್ಣಲ್ಲಿ ನೀರು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

"ಯಾರು ಹೊಗಳಿದ್ದು?" ಎಂದು ಗಿರಿಜಾಳ ಅಜ್ಜಿ ಒಳಗಿನಿಂದ ಬಂದರು. ಮನೆಯ ಬೆರಳುಗಳೆಲ್ಲ ನನ್ನ ಕಡೆ ತಿರುಗಿದವು!

ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟೇ ಬರಲಿಲ್ಲ. ಅಂದರೆ ಭಾರೀ ದೃಷ್ಟಿ! ಮತ್ತೊಂದು ಹಿಡಿ ಹಾಕಿದರೂ ಒಂದು ಕೆಮ್ಮಿಲ್ಲ, ಸೀನಿಲ್ಲ.

"ಇದು ಕನ್ನಡದ ದಿಷ್ಟಿ ಅಲ್ಲವ್ವ, ಇಂಗ್ಲಿಷ್ ದಿಷ್ಟಿ!" ಎಂದು ಅಜ್ಜಿ ತೀರ್ಪು ಕೊಟ್ಟರು. "ಮೆಣಸಿನಕಾಯಿಗೆ ಹೆಂಗೆ ತಿಳೀಬೇಕು? ಅಳಿಯಂದ್ರೇ, ಹೊಗಳಿದ ಬಾಯಾಗೇ, ಅದೇ ಭಾಷೇನಾಗೆ ಕೂಸನ್ನ ತೆಗಳ್ರಿ. ಇಳೀತೈತೆ."

ನಾನು ಗಂಟಲು ಸರಿಮಾಡಿಕೊಂಡೆ. ಆದರೆ ಕ್ಲಾಸಿನಲ್ಲಿ ನಾವಿನ್ನೂ ಒಳ್ಳೆಯ ಪದಗಳ ಪಾಠದಲ್ಲೇ ಇದ್ದೆವು!

"ಬ್ಯಾಡ್," ಎಂದೆ. ಮಗು ಇನ್ನೂ ಜೋರಾಗಿ ಅತ್ತಿತು. "ವೆರಿ ಬ್ಯಾಡ್. ವೆರಿ ವೆರಿ ಬ್ಯಾಡ್."

ಷಡ್ಡಕ ಗೋಡೆ ಕಡೆ ತಿರುಗಿ ನಿಂತ. ಅವನ ಭುಜಗಳು ಕುಣಿಯುತ್ತಿದ್ದವು.

"ಹೋಗ್ಲಿ ಬಿಡ್ರಿ," ಎಂದರು ಅಜ್ಜಿ ಬೇಸತ್ತು. "ದಿಷ್ಟಿ ಹಾಕಿದೋರ್ನ ಅವರ ಮನೆಯೋರೇ ಬಾಯ್ತುಂಬ ಬೈದ್ರೂ ನಡೀತೈತೆ..."

ಅಜ್ಜಿಯ ಮಾತು ಮುಗಿಯುವವರೆಗೂ ಗಿರಿಜಾ ಕಾಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನೆದುರು ನಿಂತಳು.

"ದಡ್ಡ! ಪೆದ್ದ! ಮಂಕ! ಬೆಪ್ಪ! ಮುಠ್ಠಾಳ! ಗುಗ್ಗು! ಎಡಬಿಡಂಗಿ!"

ಯಾವ ಕ್ಲಾಸಿಗೂ ಹೋಗದವಳು! ಒಂದು ಪದವೂ ಎರಡನೇ ಸಲ ಬರಲಿಲ್ಲ. 'ಮಂಕ'ಕ್ಕೆ ಮಗು ಅಳು ತಗ್ಗಿಸಿತು. 'ಗುಗ್ಗು'ವಿಗೆ ಬಿಕ್ಕಳಿಸಿ ಸುಮ್ಮನಾಯಿತು. 'ಎಡಬಿಡಂಗಿ'ಗೆ ಬೊಚ್ಚುಬಾಯಿ ಬಿಟ್ಟು ನಕ್ಕಿತು. ಆ ಸಂದಿನಲ್ಲೇ ಸೋದರತ್ತೆ ಹೆಸರು ಹೇಳಿ ಮುಗಿಸಿದಳು. ಸುಧಾ ಕಣ್ಣೊರೆಸಿಕೊಂಡಳು, ಎಲ್ಲರೂ ನಿಟ್ಟುಸಿರು ಬಿಟ್ಟು ಊಟಕ್ಕೆ ಎದ್ದರು. ಗಿರಿಜಾ ಮಾತ್ರ ಇನ್ನೂ ನಿಲ್ಲಿಸಿರಲಿಲ್ಲ.

ಈಗಲೂ ಹರಿಹರದಲ್ಲಿ ಮಗು ಹಟ ಹಿಡಿದರೆ ದಾವಣಗೆರೆಯ ನಮ್ಮ ಮನೆಗೆ ಫೋನ್ ಬರುತ್ತದೆ. ಗಿರಿಜಾ ಸ್ಪೀಕರ್ ಒತ್ತಿ, ನನ್ನನ್ನು ಎದುರಿಗೆ ಕೂರಿಸಿಕೊಂಡು ಶುರುಮಾಡುತ್ತಾಳೆ. ಆ ಕಡೆಯಿಂದ ಮಗು ನಕ್ಕ ಸದ್ದು ಕೇಳಿದ ಮೇಲೆಯೇ ನಾನು ಎದ್ದು ಹೋಗಬಹುದು.